ಸಾಬೂನಿನ ಲೇಬಲಿಗೆ ಒಣಗಿದ ತೂಕವೇ ಸರಿ

ನಿಮ್ಮ ಸಾಬೂನಿನ ಬಿಲ್ಲೆ ಅಚ್ಚಿನಿಂದ ತೆಗೆದಾಗ 110 ಗ್ರಾಂ, ತಿಂಗಳು ಕಳೆದಾಗ 97; ಲೇಬಲಿಗೆ ಯಾವುದು ಎಂದು ಕೇಳಿದ್ದೀರಿ. ಖಂಡಿತ ಎರಡನೆಯದು, ಅದನ್ನೂ ಸ್ವಲ್ಪ ಇಳಿಸಿ 95 ಎಂದು ಹಾಕಿ.

ನಾನು ಕಾಸರಗೋಡಿನ ಮನೆಯಲ್ಲೇ ತೆಂಗಿನೆಣ್ಣೆ ಸಾಬೂನು ಮಾಡುತ್ತೇನೆ. ಕಾಸ್ಟಿಕ್ ಸೋಡಾ ಕರಗಿಸಲು ಹಾಕಿದ ನೀರು ನಾಲ್ಕಾರು ವಾರ ಆರುತ್ತಲೇ ಇರುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಆರುವುದೇ ಇಲ್ಲ. ಸಾಬೂನಿನಲ್ಲೇ ಉಂಟಾಗುವ ಗ್ಲಿಸರಿನ್ ಗಾಳಿಯ ಪಸೆ ಎಳೆದು ಬಿಲ್ಲೆಯ ಮೇಲೆ ಬೆವರಿನಂತೆ ಹನಿ ಕೂರುತ್ತದೆ. ಆಗ ತೂಗಿ ಚೀಟಿ ಅಂಟಿಸಿದ ಬಿಲ್ಲೆ ಬೇಸಿಗೆಗೆ ಹಗುರಾಗುತ್ತದೆ. ನನಗೆ ಹಾಗೆ ಆಗಿ, ಗಿರಾಕಿಯೊಬ್ಬರು ತೂಗಿ ತೋರಿಸಿದ್ದರು. ತುಂಬ ಬೇಸರವಾಯಿತು. ಈಗ ಪ್ರತಿ ಕಂತಿನ ಹತ್ತು ಬಿಲ್ಲೆ ತೂಗಿ, ಅತಿ ಹಗುರಾದದ್ದರ ತೂಕವನ್ನೇ ಬರೆಯುತ್ತೇನೆ.

ಅಂಗಡಿ ಸಾಬೂನಿನ ಹೊದಿಕೆ ನೋಡಿ, ‘ಪ್ಯಾಕ್ ಮಾಡಿದಾಗ’ ಎಂಬರ್ಥದ ಮಾತು ನಿವ್ವಳ ತೂಕದ ಜೊತೆ ಇರುತ್ತದೆ. ಆ ಮಾತಿದೆಯೆಂದು ಹಸಿ ತೂಕ ಬರೆಯುವುದು ನ್ಯಾಯವಲ್ಲ. ಕಾಗದ, ಡಬ್ಬಿಯ ತೂಕ ಸೇರಿಸಬೇಡಿ. 2011ರ ಪ್ಯಾಕೇಜ್ ನಿಯಮದಂತೆ ನಿಮ್ಮ ಹೆಸರು, ವಿಳಾಸ, ತಯಾರಿಕೆಯ ತಿಂಗಳು-ವರ್ಷ, ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಕೂಡ ಬೇಕು. ತಕ್ಕಡಿಗೆ ಲೀಗಲ್ ಮೆಟ್ರಾಲಜಿಯವರ (ತೂಕ-ಅಳತೆ ಇಲಾಖೆ) ಮುದ್ರೆ ಹಾಕಿಸಿಕೊಳ್ಳಿ, ಅಡುಗೆಮನೆಯ ತಕ್ಕಡಿ ಸಾಲದು.