ತೋಡಿನ ಕಪ್ಪೆಗೆ ತೋಟ ಬಿಟ್ಟುಕೊಡಬೇಕಾಗಿಲ್ಲ

ಕೊಡಗಿನ ಶ್ರೀಮಂಗಲ ಕಡೆಯ ಕಾಫಿ ಬೆಳೆಗಾರ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಬ್ರಹ್ಮಗಿರಿ ಕಪ್ಪೆಯ ಲೇಖನ ಓದಿ, ‘ಆನೆ ಕಾಟಕ್ಕೇ ಪರಿಹಾರ ಇಲ್ಲ, ಈಗ ಕಪ್ಪೆಗೂ ನಾವೇ ಜಾಗ ಬಿಡಬೇಕಾ?’ ಎಂದು ಕೇಳಿದ್ದೀರಿ. ನಿಮ್ಮ ತೋಡಿನಲ್ಲೂ, ಅಂದರೆ ತೋಟದ ತೊರೆಯಲ್ಲೂ, ಒಂದು ಕಪ್ಪು ಕಪ್ಪೆ ಇದೆ, ಅದೇ ಇದಾ ಎಂದೂ ಕೇಳಿದ್ದೀರಿ.

ಜಾಗ ಬಿಡಬೇಕಾಗಿಲ್ಲ. ನೀರನ್ನು ಕೆಡಿಸದಿದ್ದರೆ ಸಾಕು.

ಬ್ರಹ್ಮಗಿರಿಯ ಈ ಕಪ್ಪೆ ನೆಲಗಪ್ಪೆಗಳ ಕುಟುಂಬದ್ದು. ವಿಜ್ಞಾನಿಗಳು ಘಾಟೋಫ್ರೈನ್ ಆರ್ನಾಟಾ ಎನ್ನುತ್ತಾರೆ. ಗುಂಟರ್ ಎಂಬವರು 1876ರಲ್ಲಿ ಇದನ್ನು ಮೊದಲು ವಿವರಿಸಿದ್ದು ನಿಮ್ಮ ಬ್ರಹ್ಮಗಿರಿಯಲ್ಲಿ ಸಿಕ್ಕ ಕಪ್ಪೆಯನ್ನು ನೋಡಿಯೇ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ.

ಬ್ರಹ್ಮಗಿರಿ 1974ರಿಂದ ಅಭಯಾರಣ್ಯ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಅಲ್ಲಿಂದ ಇಳಿಯುವ ನೀರು ತೋಟಗಳ ನಡುವೆಯೇ ಹರಿದು ಲಕ್ಷ್ಮಣತೀರ್ಥ ನದಿ ಸೇರುತ್ತದೆ, ಅಲ್ವಾ? ಈ ಕಪ್ಪೆ ಬದುಕುವುದು, ಮರಿ ಮಾಡುವುದು ಅಂಥ ಹರಿಯುವ ತೊರೆಯಲ್ಲೇ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನೀರಿಗೆ ಬಿದ್ದದ್ದೆಲ್ಲ ನೇರವಾಗಿ ಅದರ ಮೈಗೆ ತಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ಮು, ಪಂಪು ಎಲ್ಲಿ ತೊಳೆಯುತ್ತೀರಿ? ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಗೊದಮೊಟ್ಟೆಗಳಿಗೆ ತಾಮ್ರ ವಿಷ. ದಯವಿಟ್ಟು ತೋಡಿನಲ್ಲಿ ತೊಳೆಯಬೇಡಿ, ದೂರದಲ್ಲೊಂದು ಗುಂಡಿ ತೋಡಿಸಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರನ್ನೂ ಹಾಗೇ ತೋಡಿಗೆ ಬಿಡಬೇಡಿ. ಅದು ಹುಳಿಯಾಗಿ ತೊರೆಯ ಆಮ್ಲಜನಕವನ್ನು ಹೀರುತ್ತದೆ. ಮೀನು ಸಾಯುವುದನ್ನು ನೀವೇ ಕಂಡಿರಬಹುದು.

ಕಷ್ಟದ ಮಾತು ಬೇಸಿಗೆಯ ನೀರಿನದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೋಬಸ್ಟಾ ಕಾಫಿ ಇರುವವರ ಸಂಕಟ ನನಗೆ ಗೊತ್ತು. ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಬೇಡಿ ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೆ ತೋಡಿನ ತಳ ಕಾಣುವ ತನಕ ನೀರೆಳೆದರೆ ಅಲ್ಲಿರುವ ಜೀವಕ್ಕೆ ಹೋಗಲು ಬೇರೆ ದಾರಿ ಇಲ್ಲ. ಮಳೆಗಾಲದಲ್ಲೇ ಕೆರೆ ತುಂಬಿಸಿಕೊಂಡು ಅದರಿಂದ ಬಳಸಿ. ತೋಡಿನ ದಡದ ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ನೆಡಬೇಡಿ. ಆ ನೆರಳಿನಿಂದಲೇ ನೀರು ತಂಪಾಗಿರುತ್ತದೆ.

ನಿಮ್ಮ ತೋಡಿನ ಕಪ್ಪೆ ಇದೇನಾ ಎಂದು ಪತ್ರ ಓದಿ ಹೇಳಲಾಗದು. ಇದರ ಹೊಟ್ಟೆ ಕಪ್ಪು, ಅದರ ಮೇಲೆ ದೊಡ್ಡ ಹಳದಿ ಚುಕ್ಕೆಗಳು. ಆದರೆ ನೋಡಲೆಂದು ಹಿಡಿಯಬೇಡಿ, ಕಲ್ಲು ಮಗುಚಬೇಡಿ. ಅದು ಕೂತಲ್ಲೇ ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸಿ. ಕಪ್ಪೆ ಬಲ್ಲವರಿಗೆ ತೋರಿಸಿ ನಿಮಗೆ ಬರೆಯುತ್ತೇನೆ. ಫೋಟೋ ಅಚ್ಚಾದರೂ ಜಾಗದ ಹೆಸರು ಹಾಕುವುದಿಲ್ಲ. ಕ್ಯಾಮೆರಾ ಹಿಡಿದು ಬರುವವರಿಂದಲೂ ಆ ತೋಡು ಉಳಿಯಬೇಕು.

– ಸಂಪಾದಕ