ಸಿಡ್ನಿಯ ಕ್ಯಾರವಾನ್ ಪಾರ್ಕ್: ಮೊದಲು ಶೌಚಾಲಯ ನೋಡಿ, ಆಮೇಲೆ ಸಮುದ್ರ

ನೀವು ಕೇಳಿರುವುದು ಇಷ್ಟು: ದಸರಾ ರಜೆಯಲ್ಲಿ ಮೈಸೂರಿನಿಂದ ಸಿಡ್ನಿಗೆ ಬರುತ್ತಿದ್ದೀರಿ. ನೀವಿಬ್ಬರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಪ್ಪ ಅಮ್ಮ. ಆರು ಜನ ಮಲಗಬಹುದಾದ ಮೋಟರ್‌ಹೋಮ್ (ಹಾಸಿಗೆ, ಅಡುಗೆಮನೆ ಒಳಗೇ ಇರುವ ದೊಡ್ಡ ವ್ಯಾನ್) ಬಾಡಿಗೆಗೆ ಪಡೆದು ಏಳು ರಾತ್ರಿ ಕಳೆಯುವ ಯೋಚನೆ. ನಗರಕ್ಕೂ ಹತ್ತಿರ, ಸಮುದ್ರಕ್ಕೂ ಹತ್ತಿರ ಇರುವ ಕ್ಯಾರವಾನ್ ಪಾರ್ಕ್, ಅಂದರೆ ಹಣ ಕೊಟ್ಟು ಇಂಥ ಗಾಡಿ ನಿಲ್ಲಿಸಿ ತಂಗುವ ಜಾಗ, ಯಾವುದು?

ಎರಡಕ್ಕೂ ಹತ್ತಿರ ಇರುವುದು ನಿಮಗೆ ಸಿಗುವುದಿಲ್ಲ. ಹೆಸರಾಂತ ಬಾಂಡೈ ಕಡಲತೀರದಲ್ಲಿ ಕ್ಯಾರವಾನ್ ಪಾರ್ಕ್ ಇಲ್ಲ. ಕಡಲತೀರದ ಬೀದಿಗಳಲ್ಲಿ ವ್ಯಾನ್ ನಿಲ್ಲಿಸಿ ರಾತ್ರಿ ಮಲಗಿದರೆ ಆಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಂಥ ಬಹುತೇಕ ಬೀದಿಗಳಲ್ಲಿ ಅದನ್ನು ನಿಷೇಧಿಸಿ ಫಲಕ ಹಾಕಿದ್ದಾರೆ, ಬೆಳಗಿನ ಜಾವ ಸ್ಥಳೀಯ ಆಡಳಿತದ ಸಿಬ್ಬಂದಿ ಬಂದು ಕಿಟಕಿ ತಟ್ಟಿ ದಂಡದ ಚೀಟಿ ಕೊಡುವುದುಂಟು. ಅಪ್ಪ ಅಮ್ಮನ ಮುಂದೆ ಅಂಥ ಪ್ರಸಂಗ ಬೇಡ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಕ್ಯಾರವಾನ್ ಎಂದರೆ ಚಿತ್ರೀಕರಣದ ಜಾಗದಲ್ಲಿ ನಾಯಕನಟ ಕೂರುವ ತಣ್ಣನೆಯ ಬಸ್ಸು ಎಂದಷ್ಟೇ ತಿಳಿದಿದ್ದ ಅವರಿಗೆ ಭಾರೀ ಉತ್ಸಾಹ. ನಾನು ಅಂತರ್ಜಾಲದಲ್ಲಿ ಚಿತ್ರ ನೋಡಿ ಒಂದು ಪಾರ್ಕ್ ಕಾಯ್ದಿರಿಸಿದೆ. ಚಿತ್ರದಲ್ಲಿ ಸೂರ್ಯೋದಯ, ಅಲೆ, ಮರಳು ಎಲ್ಲವೂ ಇದ್ದವು. ಶೌಚಾಲಯ ಎಲ್ಲಿದೆ ಎಂಬುದು ಇರಲಿಲ್ಲ. ನಮಗೆ ಸಿಕ್ಕ ಜಾಗದಿಂದ ಅದು ಒಂದು ದಿಬ್ಬದಾಚೆ, ಇನ್ನೂರು ಹೆಜ್ಜೆಗೂ ಹೆಚ್ಚು ದೂರ. ರಾತ್ರಿ ಮೂರು ಸಲ ಏಳುವ ಅಪ್ಪ ಟಾರ್ಚ್ ಹಿಡಿದು, ಶಾಲು ಹೊದ್ದು, ಚಳಿಯಲ್ಲಿ ನಡೆದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ, “ನಮ್ಮ ಹಳೆಯ ಮನೆಯ ಹಿತ್ತಿಲಿನದು ಇದಕ್ಕಿಂತ ಹತ್ತಿರ ಇತ್ತು ಕಣೋ” ಎಂದಷ್ಟೇ ಹೇಳಿದರು. ಆಮೇಲೆ ನಗರ ನೋಡಲು ಹೊರಟರೆ ಬಸ್ಸಿಗೆ ಕಾಯುವುದರಲ್ಲಿ, ಇನ್ನೊಂದು ಬಸ್ಸಿಗೆ ಬದಲಾಯಿಸುವುದರಲ್ಲಿ ಅರ್ಧ ದಿನ ಕಳೆಯಿತು. ಸಮುದ್ರ ಮಾತ್ರ ನಿಜಕ್ಕೂ ಹತ್ತಿರದಲ್ಲೇ ಇತ್ತು. ಅಮ್ಮ ಒಂದು ಸಲ ಪಾದ ತೊಳೆದುಕೊಂಡು ಬಂದರು.

ಅಂದಿನಿಂದ ನಾನು ಪಾರ್ಕ್ ಅಳೆಯುವುದು ಎರಡೇ ನಡಿಗೆಗಳಿಂದ: ಹಾಸಿಗೆಯಿಂದ ಶೌಚಾಲಯಕ್ಕೆ, ಗೇಟಿನಿಂದ ರೈಲಿಗೆ.

ವ್ಯಾನಿನೊಳಗೇ ಶೌಚಾಲಯ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಬೀರುವಿನೊಳಗೆ ಕೂತಂತೆ ಕೂರಬೇಕು, ಮಂಡಿನೋವಿನವರಿಗೆ ಕಷ್ಟ. ಅದರ ಕೆಳಗೊಂದು ಪೆಟ್ಟಿಗೆ ಇರುತ್ತದೆ. ಆರು ಜನ ಬಳಸಿದರೆ ದಿನಕ್ಕೊಮ್ಮೆ ತುಂಬುತ್ತದೆ ಎಂದೇ ಇಟ್ಟುಕೊಳ್ಳಿ. ಅದನ್ನು ಎಳೆದುಕೊಂಡು ಹೋಗಿ, ‘ಡಂಪ್ ಪಾಯಿಂಟ್’ ಎಂಬ ಫಲಕವಿರುವ ಗುಂಡಿಗೆ ಸುರಿದು, ತೊಳೆದು, ಔಷಧಿ ಹಾಕಿ ತರುವವರು ನೀವೇ. ಹೀಗಾಗಿ ವ್ಯಾನಿನ ಶೌಚಾಲಯವನ್ನು ರಾತ್ರಿಗೆ ಮಾತ್ರ ಮೀಸಲಿಟ್ಟು ಹಗಲು ಪಾರ್ಕಿನದನ್ನೇ ಬಳಸುವುದು ಇಲ್ಲಿನ ರೂಢಿ. ಕೆಲವು ಪಾರ್ಕ್‌ಗಳಲ್ಲಿ ‘ಎನ್‌ಸ್ವೀಟ್ ಸೈಟ್’ ಎಂಬುದಿದೆ. ನಿಮ್ಮ ವ್ಯಾನ್ ನಿಲ್ಲುವ ಜಾಗದ ಪಕ್ಕದಲ್ಲೇ ನಿಮಗಾಗಿಯೇ ಒಂದು ಪುಟ್ಟ ಬಚ್ಚಲುಮನೆ, ಶೌಚಾಲಯ. ದರ ಹೆಚ್ಚು, ಆದರೆ ಹಿರಿಯರಿದ್ದರೆ ನಾನು ಚೌಕಾಸಿ ಮಾಡುವುದಿಲ್ಲ.

ಈಗ ಜಾಗದ ವಿಷಯ. ಮೊದಲ ನಾಲ್ಕು ರಾತ್ರಿಗೆ ನನ್ನ ಆಯ್ಕೆ ಲೇನ್ ಕೋವ್ ರಾಷ್ಟ್ರೀಯ ಉದ್ಯಾನದೊಳಗಿನ ಪಾರ್ಕ್. ಮ್ಯಾಕ್ವಾರಿ ಪಾರ್ಕ್ ಎಂಬ ಬಡಾವಣೆಯ ಪಕ್ಕದಲ್ಲಿದೆ, ನ್ಯೂ ಸೌತ್ ವೇಲ್ಸ್ ರಾಜ್ಯದ ರಾಷ್ಟ್ರೀಯ ಉದ್ಯಾನಗಳ ಇಲಾಖೆಯೇ ನಡೆಸುತ್ತದೆ. ಸಮುದ್ರ ಇಲ್ಲ. ಕೆಳಗೆ ಹರಿಯುವ ನದಿಯನ್ನು ದಡದಲ್ಲಿ ನಿಂತು ನೋಡಬೇಕು ಅಷ್ಟೇ, ಮಕ್ಕಳನ್ನು ಈಜಲು ಬಿಡುವ ನೀರಲ್ಲ. ಆದರೆ ಗೇಟಿನಿಂದ ಸುಮಾರು ಹದಿನೈದು ನಿಮಿಷ ನಡೆದರೆ ನಾರ್ತ್ ರೈಡ್ ಮೆಟ್ರೊ ನಿಲ್ದಾಣ. ಹೋಗುವಾಗ ಏರು, ಬರುವಾಗ ಇಳಿಜಾರು. ಅಪ್ಪ ಅಮ್ಮನಿಗೆ ಏರು ಕಷ್ಟವಾದರೆ ಅಷ್ಟು ದೂರಕ್ಕೆ ಟ್ಯಾಕ್ಸಿ ಮಾಡಿ. ಅಂದಹಾಗೆ, ಆ ನಿಲ್ದಾಣ ಇರುವ ರಸ್ತೆಯ ಹೆಸರು ಡೆಲ್ಲಿ ರೋಡ್. ಇಷ್ಟು ದೂರ ಬಂದು ದಿಲ್ಲಿ ರಸ್ತೆಯಲ್ಲಿ ರೈಲು ಹತ್ತುವುದನ್ನು ನಿಮ್ಮ ತಂದೆ ಊರಿನಲ್ಲಿ ಹೇಳಿಕೊಳ್ಳಬಹುದು.

ಈ ಮೆಟ್ರೊ 2019ರಲ್ಲಿ ಶುರುವಾದಾಗ ಚಾಟ್ಸ್‌ವುಡ್‌ನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕಿತ್ತು. 2024ರ ಆಗಸ್ಟ್‌ನಿಂದ ಬಂದರಿನ ಕೆಳಗಿನ ಸುರಂಗದಲ್ಲಿ ನೇರವಾಗಿ ನಗರದ ಮಧ್ಯಕ್ಕೆ ಹೋಗುತ್ತದೆ. ಚಾಲಕನಿಲ್ಲದ ರೈಲು, ಮೊದಲ ಬೋಗಿಯ ಮುಂದಿನ ಗಾಜಿಗೆ ಮೂಗು ಒತ್ತಿ ನಿಲ್ಲಲು ಮಕ್ಕಳಲ್ಲಿ ಜಗಳ ಖಚಿತ. ನಗರದ ಮಧ್ಯದ ಮಾರ್ಟಿನ್ ಪ್ಲೇಸ್ ನಿಲ್ದಾಣಕ್ಕೆ ಸುಮಾರು ಇಪ್ಪತ್ತು ನಿಮಿಷ. ಅಲ್ಲಿಂದ ಆಪೆರಾ ಹೌಸ್‌ಗೆ ನಿಧಾನವಾಗಿ ನಡೆದು ಹೋಗಬಹುದು. ಆಪೆರಾ ಹೌಸ್‌ಗೆ ಹತ್ತಿರದ, ದೋಣಿಗಳು ಹೊರಡುವ ಸರ್ಕ್ಯುಲರ್ ಕೀಯಲ್ಲಿ ಮೆಟ್ರೊ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಹಳೆಯ ಬರಹಗಳಲ್ಲಿ ಈ ಪಾರ್ಕ್ ನಗರದಿಂದ ದೂರ ಎಂಬ ದೂರು ಕಂಡರೆ ಅದರ ದಿನಾಂಕ ನೋಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಈ ನಾಲ್ಕು ರಾತ್ರಿ ವ್ಯಾನ್ ತೆಗೆದುಕೊಳ್ಳಲೇ ಬೇಡಿ. ಪಾರ್ಕಿನಲ್ಲಿ ಕ್ಯಾಬಿನ್‌ಗಳಿವೆ, ಅಡುಗೆಮನೆ, ಬಚ್ಚಲು ಒಳಗೇ ಇರುವಂಥದ್ದನ್ನು ನೋಡಿ ಕಾಯ್ದಿರಿಸಿ. ನಗರದಲ್ಲಿ ಮೋಟರ್‌ಹೋಮ್ ಬರೀ ಹೊರೆ. ಮೂರು ಮೀಟರ್ ಎತ್ತರದ ಗಾಡಿ ಬಹುಮಹಡಿ ಪಾರ್ಕಿಂಗ್‌ಗಳೊಳಗೆ ಹೋಗುವುದಿಲ್ಲ, ರಸ್ತೆ ಬದಿಯಲ್ಲಿ ಅಷ್ಟು ಉದ್ದದ ಜಾಗ ಸಿಗುವುದಿಲ್ಲ. ನಾಲ್ಕು ದಿನ ಮರದ ಕೆಳಗೆ ಸುಮ್ಮನೆ ನಿಲ್ಲುವ ಗಾಡಿಗೆ ನೀವು ಬಾಡಿಗೆ ಕಟ್ಟುತ್ತೀರಿ. ವಿಮಾನ ನಿಲ್ದಾಣದಿಂದ ಸೆಂಟ್ರಲ್ ಎಂಬ ಮುಖ್ಯ ನಿಲ್ದಾಣಕ್ಕೆ ರೈಲು, ಅಲ್ಲಿಂದ ಮೆಟ್ರೊ. ಸಾಮಾನು ಹೆಚ್ಚಿದ್ದರೆ ದೊಡ್ಡ ಟ್ಯಾಕ್ಸಿ.

ಕಾಡಿನೊಳಗಿನ ಜಾಗವಾದ್ದರಿಂದ ಅದರದೇ ಕಟ್ಟುಪಾಡುಗಳಿವೆ. ಸಾಕುಪ್ರಾಣಿ ತರುವಂತಿಲ್ಲ. 1994ರ ಜನವರಿಯ ಕಾಳ್ಗಿಚ್ಚಿನಲ್ಲಿ ಈ ಉದ್ಯಾನದ ಬಹುಭಾಗ ಸುಟ್ಟುಹೋಗಿತ್ತು. ಹಾಗಾಗಿ ಒಣಗಾಳಿಯ ದಿನಗಳಲ್ಲಿ ಬೆಂಕಿ ನಿಷೇಧ ಘೋಷಿಸಿದರೆ ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏನು ಹೊತ್ತಿಸಬಹುದು, ಏನು ಕೂಡದು ಎಂದು ಅಂದು ಬೆಳಿಗ್ಗೆ ಕಚೇರಿಯಲ್ಲಿ ಕೇಳಿ. ಇನ್ನು ಬ್ರಷ್ ಟರ್ಕಿ ಎಂಬ ಕೆಂಪು ತಲೆಯ, ಕೋಳಿಗಿಂತ ದೊಡ್ಡ ಹಕ್ಕಿ ಇದೆ. ಅದಕ್ಕೆ ನಾಚಿಕೆ ಎಂಬುದಿಲ್ಲ. ನಾವು ಮೇಜಿನ ಮೇಲೆ ಬಿಟ್ಟ ಅಕ್ಕಿರೊಟ್ಟಿಯನ್ನು ಹಾಡಹಗಲೇ ಎತ್ತಿಕೊಂಡು ಓಡಿತು. ರಾತ್ರಿ ಪಾಸಮ್ ಎಂಬ ಮರವೇರುವ ಪುಟ್ಟ ಪ್ರಾಣಿಗಳ ಸರದಿ. ಚೀಲದ ಬಾಯಿ ಕಟ್ಟಿ ಒಳಗಿಡಿ, ಮುದ್ದಾಗಿದೆ ಎಂದು ತಿನ್ನಿಸಬೇಡಿ.

ಉಳಿದ ಮೂರು ರಾತ್ರಿಗೆ ವ್ಯಾನ್ ತೆಗೆದುಕೊಂಡು ಸಮುದ್ರಕ್ಕೆ ಹೋಗಿ. ಎಲ್ಲರೂ ಹೇಳುವ ಹೆಸರು ಉತ್ತರದ ನ್ಯಾರಬೀನ್, ಅಲ್ಲಿ ಎನ್‌ಆರ್‌ಎಂಎ ಎಂಬ ವಾಹನ ಸವಾರರ ಸಂಸ್ಥೆಯ ದೊಡ್ಡ ಪಾರ್ಕ್ ಇದೆ. ಒಂದು ಬದಿಗೆ ಹಿನ್ನೀರಿನ ಸರೋವರ, ಇನ್ನೊಂದು ಬದಿಗೆ ನಡೆದರೆ ಕಡಲು. ಸರೋವರವನ್ನು ಸುತ್ತುವ 8.4 ಕಿಲೋಮೀಟರಿನ ಕಾಲುದಾರಿ ಸಮತಟ್ಟಾಗಿದೆ. ನಿಮ್ಮ ತಾಯಿಯವರು ಎಷ್ಟು ಬೇಕೋ ಅಷ್ಟು ನಡೆದು ಮರಳಬಹುದು. ಕೊರತೆ ಒಂದೇ: ಆ ಕರಾವಳಿಗೆ ರೈಲು ಇಲ್ಲ. ಹಳದಿ ಬಣ್ಣದ ಎರಡಂತಸ್ತಿನ ಬಿ-ಲೈನ್ ಬಸ್ ನಗರದ ಮಧ್ಯದ ವಿನ್ಯಾರ್ಡ್‌ಗೆ ಹೋಗುತ್ತದೆ, ಒಂದು ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ದಾರಿಯಲ್ಲಿ ಸ್ಪಿಟ್ ಸೇತುವೆ ದೋಣಿಗಳಿಗಾಗಿ ಬಾಯಿ ತೆರೆದು ನಿಂತರೆ ಇನ್ನೂ ಸ್ವಲ್ಪ.

ನನ್ನ ಮನಸ್ಸು ಮಾತ್ರ ದಕ್ಷಿಣಕ್ಕೆ ವಾಲುತ್ತದೆ. ಅದಕ್ಕೆ ಕಾರಣ ಆ ಕಡೆಯ ಹೆಲೆನ್ಸ್‌ಬರ್ಗ್ ಎಂಬ ಊರಿನ ವೆಂಕಟೇಶ್ವರ ದೇವಸ್ಥಾನ. ಸಿಡ್ನಿಗೆ ಬಂದ ಯಾವ ಕನ್ನಡಿಗರ ಅಪ್ಪ ಅಮ್ಮನೂ ಅದನ್ನು ನೋಡದೆ ಮರಳಿದ್ದನ್ನು ನಾನು ಕಂಡಿಲ್ಲ. ಕಾಡಿನ ನಡುವೆ ಬಿಳಿಯ ಗೋಪುರ. ಶನಿವಾರ ಭಾನುವಾರ ಹೋದರೆ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು ನಿಂತಿರುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಬಾಲ್ಡ್ ಹಿಲ್ ಎಂಬ ಗುಡ್ಡದ ತುದಿ, ಕೆಳಗೆ ಇಡೀ ಕರಾವಳಿ. ಗುಡ್ಡ ಇಳಿದರೆ ಬಂಡೆಗೋಡೆಯ ಪಕ್ಕದಲ್ಲಿ ಅಲೆಗಳ ಮೇಲೆಯೇ ಸಾಗುವ ಸೀ ಕ್ಲಿಫ್ ಸೇತುವೆ. 665 ಮೀಟರ್ ಉದ್ದ, 2005ರಲ್ಲಿ ತೆರೆದದ್ದು. ಮೇಲಿನಿಂದ ಬಂಡೆ ಉರುಳಿ ಹಳೆಯ ರಸ್ತೆ ಮುಚ್ಚಿದ ಮೇಲೆ ರಸ್ತೆಯನ್ನೇ ಸಮುದ್ರದ ಕಡೆಗೆ ಸರಿಸಿ ಕಟ್ಟಿದರು. ಇಳಿಯುವಾಗ ಕೆಳಗಿನ ಗೇರಿನಲ್ಲಿರಿ, ಬ್ರೇಕನ್ನೇ ನೆಚ್ಚಬೇಡಿ. ಆಗುಂಬೆ ಇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂದೆ ಬುಲ್ಲಿ ಎಂಬ ಊರು. ಅಲ್ಲಿ ವೊಲೊಂಗಾಂಗ್ ನಗರಾಡಳಿತವೇ ನಡೆಸುವ ಪಾರ್ಕ್ ಕಡಲಿಗೆ ಅಂಟಿಕೊಂಡಿದೆ. ಅವರದೇ ಇನ್ನೆರಡು ಪಾರ್ಕ್‌ಗಳು ಕೊರಿಮಲ್ ಮತ್ತು ವಿಂಡಾಂಗ್‌ನಲ್ಲಿವೆ. ಬುಲ್ಲಿಯಲ್ಲಿ ರೈಲು ನಿಲ್ದಾಣವೂ ಇದೆ, ಬೇಕೆನಿಸಿದರೆ ಸಿಡ್ನಿಗೆ ಒಂದೂಕಾಲು ಗಂಟೆಯ ಆಸುಪಾಸು. ಅಕ್ಟೋಬರಿನ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಮಕ್ಕಳು ಇಳಿದೇ ಇಳಿಯುತ್ತಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ, ಜೀವರಕ್ಷಕರು ಇರುವಾಗ ಮಾತ್ರ.

ಹೆಸರಿನಲ್ಲಿ ‘ಸಿಡ್ನಿ’ ಎಂದಿದ್ದೂ ನಗರದಿಂದ ಐವತ್ತು ಕಿಲೋಮೀಟರ್ ಒಳನಾಡಿನಲ್ಲಿರುವ ಪಶ್ಚಿಮದ ಪಾರ್ಕ್‌ಗಳೂ ನಿಮ್ಮ ಹುಡುಕಾಟದಲ್ಲಿ ಬರುತ್ತವೆ. ದರ ಕಡಿಮೆ, ನಮ್ಮವರ ಅಂಗಡಿಗಳಿರುವ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ಕಡೆಗೆ ಹೋಗುವುದು ಸುಲಭ. ಆದರೆ ನೀವು ಕೇಳಿದ್ದು ಸಮುದ್ರ. ನಗರದಂಚಿನ ಪಾರ್ಕ್‌ಗಳಲ್ಲಿ ವರ್ಷಗಟ್ಟಲೆ ವಾಸಿಸುವವರಿದ್ದಾರೆ ಎಂದು ಕೆಲವರು ವಿಮರ್ಶೆಗಳಲ್ಲಿ ಮೂಗು ಮುರಿಯುತ್ತಾರೆ. ಮನೆ ಬಾಡಿಗೆ ಗಗನಕ್ಕೇರಿದ ಊರಿನಲ್ಲಿ ಅದು ಅವರ ಮನೆ. ಅವರ ಹಕ್ಕುಗಳಿಗಾಗಿ ರಾಜ್ಯದಲ್ಲಿ 2013ರ ಕಾಯಿದೆಯೇ ಇದೆ. ಅಂಥ ವಿಮರ್ಶೆಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿನೀರು ಬರಲಿಲ್ಲ, ಶೌಚಾಲಯ ಕೊಳಕು ಎಂದು ಬರೆದಿದ್ದರೆ ಹಿಡಿಯುತ್ತೇನೆ.

ಅಡುಗೆಯ ವಿಷಯ ಬಿಟ್ಟರೆ ನನ್ನ ಹೆಂಡತಿ ಕ್ಷಮಿಸುವುದಿಲ್ಲ. ‘ಪವರ್ಡ್ ಸೈಟ್’ ಎಂದರೆ ಕಂಬದಿಂದ ವ್ಯಾನಿಗೆ ವಿದ್ಯುತ್ ತೆಗೆದುಕೊಳ್ಳುವ ಜಾಗ, ಸಾಮಾನ್ಯವಾಗಿ 15 ಆಂಪಿಯರಿನದು. ಹೀಟರ್, ಕೆಟಲ್, ಇಂಡಕ್ಷನ್ ಒಲೆ ಮೂರನ್ನೂ ಒಟ್ಟಿಗೆ ಹಚ್ಚಿದರೆ ಫ್ಯೂಸ್ ಹೋದಂತೆ ಕಂಬದಲ್ಲಿ ಸ್ವಿಚ್ ಬೀಳುತ್ತದೆ. ಊರಿನ ಮಿಕ್ಸಿ ಇಲ್ಲಿಯ ವಿದ್ಯುತ್ತಿಗೆ ನಡೆಯುತ್ತದೆ, ಪ್ಲಗ್ ಮಾತ್ರ ಬೇರೆ. ಒಗ್ಗರಣೆಯನ್ನು ವ್ಯಾನಿನೊಳಗೆ ಹಾಕಬೇಡಿ. ಬೆಳಿಗ್ಗೆ ಏಳಕ್ಕೆ ಉಪ್ಪಿಟ್ಟಿಗೆ ನಾವು ಹಾಕಿದ ಒಣಮೆಣಸಿನ ಘಾಟಿಗೆ ಹೊಗೆಯ ಅಲಾರಂ ಕಿರುಚಿತು. ಪಕ್ಕದ ಕ್ಯಾರವಾನಿನ ಅಜ್ಜ ರಾತ್ರಿಯುಡುಪಿನಲ್ಲೇ ಬಂದು, ಬೈಯದೆ, ಚಾವಣಿಯ ಗವಾಕ್ಷಿ ತೆರೆಯುವುದು ಹೇಗೆ ಎಂದು ತೋರಿಸಿ ಹೋದರು. ‘ಕ್ಯಾಂಪ್ ಕಿಚನ್’ ಎಂಬ ಸಾಮೂಹಿಕ ಅಡುಗೆಮನೆ ಹೆಚ್ಚಿನ ಕಡೆ ಗಾಳಿಯಾಡುವಂತೆ ತೆರೆದಿರುತ್ತದೆ. ಎಣ್ಣೆಯ ಕೆಲಸ ಅಲ್ಲಿ ಮಾಡಿ.

ಕಾಯ್ದಿರಿಸುವುದನ್ನು ಇವತ್ತೇ ಶುರು ಮಾಡಿ. ದಸರಾ ರಜೆಯ ಸುಮಾರಿಗೇ, ಸೆಪ್ಟೆಂಬರ್ ಕೊನೆಯಿಂದ ಎರಡು ವಾರ, ಇಲ್ಲಿನ ಶಾಲೆಗಳಿಗೂ ವಸಂತದ ರಜೆ. ಅಕ್ಟೋಬರಿನ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ ಬೇರೆ. ಆ ವಾರಾಂತ್ಯಕ್ಕೆ ದರವೂ ಹೆಚ್ಚು, ಇಷ್ಟು ರಾತ್ರಿ ಉಳಿಯಲೇಬೇಕು ಎಂಬ ಷರತ್ತೂ ಇರಬಹುದು. ನಿಮ್ಮ ದಿನಾಂಕಗಳನ್ನು ಆ ರಜೆ ಮುಗಿದ ವಾರಕ್ಕೆ ತಳ್ಳಲು ಸಾಧ್ಯವಾದರೆ ಎಲ್ಲವೂ ಹಗುರ. ಅಕ್ಟೋಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಅಂದು ಬೆಳಿಗ್ಗೆ ಹತ್ತಕ್ಕೆ ಜಾಗ ಖಾಲಿ ಮಾಡಬೇಕಿದ್ದರೆ ಎಚ್ಚರ. ಅಂತರ್ಜಾಲದಲ್ಲಿ ಹಣ ಕಟ್ಟುವ ಮೊದಲು ಒಂದು ಫೋನ್ ಮಾಡಿ, ಪಾರ್ಕಿನ ನಕ್ಷೆ ಎದುರಿಗಿಟ್ಟುಕೊಂಡು, “ವಯಸ್ಸಾದವರಿದ್ದಾರೆ, ಶೌಚಾಲಯಕ್ಕೆ ಹತ್ತಿರ, ಆದರೆ ಅದರ ಬಾಗಿಲಿಗೆ ಎದುರಲ್ಲ, ಸಮತಟ್ಟಾದ ಜಾಗ ಯಾವುದು?” ಎಂದು ಸೈಟ್ ಸಂಖ್ಯೆಯನ್ನೇ ಕೇಳಿ. ಹೇಳುತ್ತಾರೆ.

ಗಾಡಿ ಓಡಿಸಲು ಭಯ ಬೇಡ, ಇಲ್ಲಿಯೂ ಎಡಬದಿಯ ಸಂಚಾರ. ಪ್ರವಾಸಿಗರು ತಮ್ಮ ಊರಿನ ಪರವಾನಗಿಯಲ್ಲೇ ಓಡಿಸಬಹುದು, ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಟೋಲ್ ರಸ್ತೆಗಳಲ್ಲಿ ನಗದು ತೆಗೆದುಕೊಳ್ಳುವ ಗೂಡುಗಳಿಲ್ಲ; ಬಾಡಿಗೆಯವರು ಟೋಲ್ ಹೇಗೆ ವಸೂಲು ಮಾಡುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಿ. ಮಕ್ಕಳ ವಯಸ್ಸನ್ನು ನೀವು ಬರೆದಿಲ್ಲ. ಏಳು ತುಂಬದ ಮಗುವಿಗೆ ಇಲ್ಲಿ ಮಕ್ಕಳ ಆಸನ ಕಡ್ಡಾಯ, ಮೋಟರ್‌ಹೋಮಿನ ಹಿಂದಿನ ಎಲ್ಲ ಸೀಟುಗಳಿಗೂ ಅದನ್ನು ಬಿಗಿಯಲು ಬರುವುದಿಲ್ಲ. ಆರು ಹಾಸಿಗೆ ಇದೆ ಎಂದ ಮಾತ್ರಕ್ಕೆ ಅಂಥ ಆಸನಕ್ಕೆ ಜಾಗ ಇದೆ ಎಂದುಕೊಳ್ಳಬೇಡಿ. ವಯಸ್ಸು ತಿಳಿಸಿದರೆ ಯಾವ ಬಗೆಯ ಗಾಡಿ ಕೇಳಬೇಕು ಎಂದು ಬರೆಯುತ್ತೇನೆ.