ಸೆನಿ ಕೋಚ್ ಆಗಿಯೂ ಗೆದ್ದವರೇ

ಬ್ರೆಜಿಲ್‌ನ ಮಾಜಿ ಫುಟ್‌ಬಾಲ್ ಆಟಗಾರ ರೊಜೇರಿಯೊ ಸೆನಿಗೆ ಕೋಚ್ ಕೆಲಸ ಬರೀ ಹಳೆ ಹೆಸರಿನಿಂದ ಸಿಗ್ತಿದೆಯಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ.

ಹೆಸರು ದೊಡ್ಡದು, ನಿಜ. ಸಾವೊ ಪೌಲೊ ತಂಡದ ಗೋಲ್‌ಕೀಪರ್ ಆಗಿದ್ದುಕೊಂಡೇ, ಹೆಚ್ಚಾಗಿ ಫ್ರೀ ಕಿಕ್, ಪೆನಾಲ್ಟಿಗಳಲ್ಲಿ 131 ಗೋಲು ಹೊಡೆದವರು. ನೂರನೆಯದು 2011ರಲ್ಲಿ, ಅದೂ ಬದ್ಧ ವೈರಿ ಕೊರಿಂಥಿಯನ್ಸ್ ವಿರುದ್ಧ! ಆ ಹೆಸರಿನ ಬಲದಲ್ಲಿ 2017ರಲ್ಲಿ ಅದೇ ಸಾವೊ ಪೌಲೊ ತಂಡದ ಕೋಚ್ ಆದರು. ಕೆಲವೇ ತಿಂಗಳಲ್ಲಿ ಕೆಲಸ ಹೋಯಿತು.

ನೀವು ನೋಡಬೇಕಾದ್ದು ಅದರ ನಂತರದ್ದು. ಎರಡನೇ ದರ್ಜೆಯಲ್ಲಿದ್ದ ಫೋರ್ತಲೆಜಾ ತಂಡಕ್ಕೆ ಹೋಗಿ 2018ರಲ್ಲಿ ಆ ದರ್ಜೆಯ ಲೀಗ್ ಆದ ಸೀರೀ ಬಿ ಗೆಲ್ಲಿಸಿದರು. ಮರುವರ್ಷ ಈಶಾನ್ಯ ಬ್ರೆಜಿಲ್ ತಂಡಗಳ ಕಪ್ ಆದ ಕೋಪಾ ದೊ ನೊರ್ದೆಸ್ತೆ ಕೂಡ. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಇದೇ. ಆಮೇಲೆ ಫ್ಲಮೆಂಗೊ ಜೊತೆ 2020ರ ಬ್ರೆಜಿಲ್ ಲೀಗ್ ಗೆದ್ದರು. ಕೊನೆ ಪಂದ್ಯದಲ್ಲಿ ಸೋತದ್ದು ತಮ್ಮದೇ ಹಳೆ ಸಾವೊ ಪೌಲೊಗೆ. ಆದರೆ ಅತ್ತ ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಇಂಟರ್‌ನ್ಯಾಷನಲ್ ತಂಡ ಡ್ರಾ ಮಾಡಿಕೊಂಡಿದ್ದರಿಂದ ಕಪ್ ಇವರಿಗೇ ಬಂತು. ಅದೃಷ್ಟವೂ ಬೇಕು, ಅಲ್ವಾ?

2023ರಲ್ಲಿ ಬಹಿಯಾ ತಂಡದ ಕೋಚ್ ಆದರು. 1989ರ ನಂತರ ಆ ತಂಡ ಮತ್ತೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ ಲಿಬರ್ತಡೋರೆಸ್ ಆಡಿದ್ದು ಇವರ ಕೈಕೆಳಗೇ. ಸುಮ್ನೆ ಹೆಸರಿನಿಂದ ಇಷ್ಟೆಲ್ಲ ಆಗುವುದಿಲ್ಲ.